ಭತ್ತದ ಬರಹವನ್ನು ಯಾರು ಓದಬೇಕು?

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನ ಮಗಳು ವಿಶ್ವವಿದ್ಯಾಲಯಕ್ಕೆ ಹೋಗಿ ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಜೈವಿಕ ಮಾಹಿತಿ ವಿಜ್ಞಾನ, ಓದುತ್ತೇನೆಂದರೆ ಊರಿನ ದೊಡ್ಡವರು ನಗುತ್ತಾರೆ. ಬಡವರ ಮಕ್ಕಳಿಗೆ ಐ.ಟಿ.ಐ. ಸಾಕು ಎಂಬುದು ಅವರ ತೀರ್ಪು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಈ ವಿದ್ಯೆ ಏನೆಂಬುದನ್ನು ಮಸ್ಕಿಯ ಜನರಿಗೆ ವಿವರಿಸುವುದು ಕಷ್ಟವಲ್ಲ. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಅದನ್ನು ಬೇರೆಡೆಯ ಶಾಸನಗಳ ಪಕ್ಕದಲ್ಲಿಟ್ಟು ಓದಿದಾಗ, ಅವುಗಳಲ್ಲಿ ಬರುವ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು ಖಚಿತವಾಯಿತು. ಜೀವಿಗಳ ಒಡಲಲ್ಲಿಯೂ ಡಿ.ಎನ್.ಎ. ಎಂಬ ನಾಲ್ಕೇ ಅಕ್ಷರಗಳ ಬರಹವಿದೆ. ಒಂದು ಜೀವಿಯ ಬರಹವನ್ನು ಇನ್ನೊಂದರೊಡನೆ ಹೋಲಿಸಿ ಅರ್ಥ ಹಿಡಿಯುವುದೇ ಈ ವಿದ್ಯೆ. ಬರಹ ಬಲು ಉದ್ದವಾದ್ದರಿಂದ ಕಂಪ್ಯೂಟರ್ ಬೇಕು, ಅಷ್ಟೆ. ಭತ್ತದ್ದೊಂದೇ ಸುಮಾರು 39 ಕೋಟಿ ಅಕ್ಷರ!

ಈ 39 ಕೋಟಿಯ ಕಥೆಯನ್ನು ನಮ್ಮ ಓದುಗರು ತಿಳಿಯಬೇಕು. 2002ರಲ್ಲಿ ಸಿಂಜೆಂಟಾ ಎಂಬ ಬೀಜದ ಕಂಪನಿ ಭತ್ತದ ಬರಹದ ಕರಡನ್ನು ಸಿದ್ಧಪಡಿಸಿತಾದರೂ, ಸಾರ್ವಜನಿಕ ಭಂಡಾರದಲ್ಲಿ ಇಡದೆ ತನ್ನ ಷರತ್ತುಗಳ ಮೇಲೆ ತೋರಿಸಿತು. ಜಪಾನಿನ ಮುಂದಾಳತ್ವದಲ್ಲಿ, ಭಾರತವೂ ಸೇರಿದ ಹಲವು ದೇಶಗಳ ವಿಜ್ಞಾನಿಗಳು ಇನ್ನಷ್ಟು ನಿಖರವಾದ ಬರಹವನ್ನು 2005ರಲ್ಲಿ ಪ್ರಕಟಿಸಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ನಮ್ಮ ಪಾಲಿನ ಕೆಲಸ ಮಾಡಿದವರಲ್ಲಿ ದಿಲ್ಲಿ ವಿಶ್ವವಿದ್ಯಾಲಯದವರೂ ಇದ್ದರು. ಸರಕಾರಿ ವಿಶ್ವವಿದ್ಯಾಲಯಗಳಿಂದ ಏನಾದೀತು ಎನ್ನುವವರು ಇದನ್ನು ಗಮನಿಸಲಿ.

ಇದರಿಂದ ಗಿರಣಿಗೇನು, ಬಜಾರಿಗೇನು? ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬೆಳೆಯುವ ಬಿ.ಪಿ.ಟಿ. 5204 ತಳಿಗೆ ದುಂಡಾಣು ಅಂಗಮಾರಿ ತಗುಲಿದರೆ ಗಿರಣಿಗೆ ಭತ್ತ ಬಾರದು, ಹಮಾಲನಿಗೆ ಕೂಲಿ ಇಲ್ಲ, ಕಿರಾಣಿ ಅಂಗಡಿಯ ಉದ್ರಿ ವಸೂಲಾಗದು. ಹೈದರಾಬಾದಿನ ಎರಡು ಸರಕಾರಿ ಸಂಶೋಧನಾಲಯಗಳು ಈ ರೋಗ ತಡೆಯುವ ಮೂರು ವಂಶವಾಹಿಗಳನ್ನು ಸಂಕರದಿಂದ ಅದೇ ತಳಿಗೆ ಸೇರಿಸಿ, ಸಸಿಗಳ ಡಿ.ಎನ್.ಎ. ಪರೀಕ್ಷಿಸಿ ಆರಿಸಿ, 2008ರಲ್ಲಿ ಸುಧಾರಿತ ಸಾಂಬಾ ಮಸೂರಿಯನ್ನು ಹೊರತಂದವು. ಆ ಮೂರರಲ್ಲಿ ಒಂದು ಆಫ್ರಿಕದ ಕಾಡುಭತ್ತದಿಂದ ಬಂದದ್ದು!

ಭಂಡಾರ ತೆರೆದಿದೆ, ನಿಜ. ಆದರೆ ಲಿಂಗಸೂಗೂರು ತಾಲೂಕಿನ ಹಟ್ಟಿ ಗಣಿಯ ಕಾರ್ಮಿಕನಿಗೆ ಗೊತ್ತು: ಟನ್ನುಗಟ್ಟಲೆ ಅದಿರು ಅರೆದರೆ ಗ್ರಾಂ ಲೆಕ್ಕದ ಚಿನ್ನ. ಬೇರ್ಪಡಿಸಲು ಕಲಿತವನಿಗಷ್ಟೇ ಅದು ದಕ್ಕುತ್ತದೆ.

ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ 2009ರಲ್ಲಿ ಬಂದವು. 2012ರ ಸಂವಿಧಾನ ತಿದ್ದುಪಡಿಯ 371(ಜೆ) ವಿಧಿಯಿಂದ ಸೀಟುಗಳಲ್ಲಿ ಮೀಸಲಾತಿಯೂ ದೊರೆಯಿತು. ಸೀಟು ಸಿಕ್ಕ ಮಾತ್ರಕ್ಕೆ ವಿದ್ಯೆ ಕೈಗೆ ಬಾರದು. ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟು ಬಂದವಳು ಸಂಖ್ಯಾಶಾಸ್ತ್ರದ ಮುಂದೆ ಎಡವುತ್ತಾಳೆ. ಕನ್ನಡದಲ್ಲಿ ಕಲಿತವಳಿಗೆ ಮೊದಲ ದಿನವೇ ಇಂಗ್ಲಿಷಿನ ಗೋಡೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ.

ಮೊದಲು ಹಮಾಲಿ ದರ ಏರಲಿ, ಆಮೇಲೆ ಇದೆಲ್ಲ ಎನ್ನುವ ಸಂಗಾತಿಗಳಿದ್ದಾರೆ. ದರದ ಹೋರಾಟ ಒಂದು ದಿನವೂ ನಿಲ್ಲಬಾರದು. ಪದವಿ ಬಂದೊಡನೆ ನೌಕರಿ ಎಂಬ ಆಸೆಯನ್ನೂ ನಾವು ತೋರಿಸುವುದಿಲ್ಲ. ಇಂಥ ಕೆಲಸಗಳು ಹೆಚ್ಚಾಗಿ ಬೆಂಗಳೂರು, ಹೈದರಾಬಾದುಗಳಲ್ಲಿವೆ. ಆದರೆ ಬೀಜದ ಬರಹ ಓದಬಲ್ಲವರೆಲ್ಲ ಕಂಪನಿಯ ಸಂಬಳದವರೇ ಆದರೆ, ನಾಳೆ ಬೀಜದ ಬೆಲೆ ಕಟ್ಟುವವರು ಯಾರು?

ಗಣಿತಕ್ಕೆ ಮೊದಲ ವರ್ಷ ಕನ್ನಡದಲ್ಲಿ ವಿಶೇಷ ಪಾಠ, ರಾತ್ರಿಯೂ ತೆರೆದಿರುವ ಕಂಪ್ಯೂಟರ್ ಕೋಣೆ, ಮೂರೂ ತಾಲೂಕುಗಳ ಹೆಣ್ಣುಮಕ್ಕಳಿಗೆ ಸಾಲುವಷ್ಟು ಹಾಸ್ಟೆಲ್ ಜಾಗ: ಇವಿಷ್ಟನ್ನು ಪ್ರವೇಶ ಆರಂಭವಾಗುವ ಮುನ್ನ ನಮ್ಮ ಶಾಸಕರಿಂದ ಬರೆಸಿಕೊಳ್ಳಬೇಕು. ಆ ಅರ್ಜಿಗೆ ಹಮಾಲರೂ ಅಂಗಡಿಯವರೂ ಒಟ್ಟಿಗೆ ಸಹಿ ಹಾಕಲಿ.