ಮೊದಲ ಮೆಟ್ಟಿಲನ್ನು ಹಾರುವ ಮುನ್ನ

ನನ್ನ ಅಕ್ಕನ ಮೊಮ್ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವಳು. ಕಾಲೇಜು ಸೇರುವ ಮುನ್ನ ಆಕೆ ದೂರವಾಣಿಯಲ್ಲಿ ನನ್ನನ್ನು ಕೇಳಿದಳು: ‘ಶಾಲೆಯಲ್ಲಿದ್ದಾಗಲೇ ರಸಾಯನಶಾಸ್ತ್ರ ಮತ್ತು ಕಲನಶಾಸ್ತ್ರದ ಪರೀಕ್ಷೆ ಬರೆದು ಐದಕ್ಕೆ ಐದು ಪಡೆದಿದ್ದೇನೆ. ಮೊದಲ ವರ್ಷದ ಆ ಎರಡು ಕೋರ್ಸುಗಳನ್ನು ಬಿಟ್ಟು ಮುಂದಿನವಕ್ಕೆ ಹೋಗಲು ಕಾಲೇಜು ಒಪ್ಪುತ್ತದೆ. ಹೋಗಲೇ?’ ‘ಹೋಗು’ ಎಂದು ಅವಳ ತಂದೆ ಆಗಲೇ ಹೇಳಿಯಾಗಿತ್ತು. ಎರಡು ಕೋರ್ಸುಗಳ ಶುಲ್ಕವೂ ಕಾಲವೂ ಉಳಿಯುವುದೆಂಬುದು ಅವನ ಲೆಕ್ಕ. ಅರ್ಥಶಾಸ್ತ್ರ ಓದಿದ ನಾನು ಆ ಲೆಕ್ಕಕ್ಕೆ ಮುದ್ರೆಯೊತ್ತುವೆನೆಂದು ಇಬ್ಬರೂ ನಿರೀಕ್ಷಿಸಿದ್ದರು.

ಅವಳು ಬರೆದದ್ದು ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಪರೀಕ್ಷೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1950ರ ದಶಕದಿಂದ ಇದನ್ನು ನಡೆಸುತ್ತಾ ಬಂದಿದೆ. ಪ್ರೌಢಶಾಲೆಯಲ್ಲಿಯೇ ಕಾಲೇಜಿನ ಮಟ್ಟದ ಪಾಠ ಓದಿದ ಮಕ್ಕಳು ಮೇ ತಿಂಗಳಲ್ಲಿ ಪರೀಕ್ಷೆ ಬರೆಯುತ್ತಾರೆ. ಒಂದರಿಂದ ಐದರವರೆಗೆ ಅಂಕ. ನಾಲ್ಕೋ ಐದೋ ಬಂದರೆ ಅನೇಕ ಕಾಲೇಜುಗಳು ಆರಂಭಿಕ ಕೋರ್ಸಿನಿಂದ ವಿನಾಯಿತಿ ಕೊಡುತ್ತವೆ. ಸಾಲ ಮಾಡಿ ಓದುವ ಮನೆಗಳಿಗೆ ಇದು ನಿಜವಾದ ಉಪಕಾರವೆಂಬುದನ್ನು ಅಲ್ಲಗಳೆಯುವಂತಿಲ್ಲ. ತಿಳಿದದ್ದನ್ನೇ ಮತ್ತೆ ಕುಳಿತು ಕೇಳಿ ಸುಲಭವಾಗಿ ಉತ್ತಮ ಶ್ರೇಣಿ ಗಿಟ್ಟಿಸುವುದೂ ಒಳ್ಳೆಯ ಅಭ್ಯಾಸವೇನಲ್ಲ.

ಆದರೆ ಈ ಹುಡುಗಿಯ ಗುರಿ ಪದವಿಯಲ್ಲಿ ಮುಗಿಯುವುದಿಲ್ಲ. ವೈದ್ಯಕೀಯವೋ ಜೀವರಸಾಯನದಲ್ಲಿ ಸಂಶೋಧನೆಯೋ ಎಂದು ಆಕೆ ಇನ್ನೂ ನಿರ್ಧರಿಸಿಲ್ಲ. ಎರಡೂ ಆ ದೇಶದಲ್ಲಿ ಪದವಿಯ ಬಳಿಕದ ಶಿಕ್ಷಣ. ಹಲವು ವೈದ್ಯಕೀಯ ಕಾಲೇಜುಗಳು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಾಲಯ ಸಹಿತ ಕಾಲೇಜಿನಲ್ಲಿ ಓದಿರಬೇಕೆಂದು ಕೇಳುತ್ತವೆ. ಶಾಲೆಯ ಅಂಕವನ್ನು ಕೆಲವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಲವು, ಅದೇ ವಿಷಯದಲ್ಲಿ ಮೇಲಿನ ಕೋರ್ಸು ಮಾಡಿದ್ದರೆ ಮಾತ್ರ ಒಪ್ಪುತ್ತವೆ. ಪಿಎಚ್.ಡಿ.ಯ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲಿ ಬೋಧನಾ ಸಹಾಯಕರಾಗಿ ದುಡಿಯುವುದು ಸಾಮಾನ್ಯ. ಅವರಿಗೆ ಬಹುತೇಕ ಒಪ್ಪಿಸುವುದು ಯಾವುದನ್ನು? ಇದೇ ಆರಂಭಿಕ ಕೋರ್ಸಿನ ಪ್ರಯೋಗಾಲಯವನ್ನು. ತಾನು ಹಾರಿಹೋದ ಮೆಟ್ಟಿಲಿನ ಮೇಲೆ ನಿಂತು ಇತರರ ಕೈಹಿಡಿಯುವ ಸರದಿ ಆಗ ಬರುತ್ತದೆ.

ಶಾಲೆಯ ಐದು ಅಂಕ ಕಾಲೇಜಿನ ಕಲಿಕೆಗೆ ಸಮವೇ ಎಂಬ ಸಂದೇಹ ಹೊಸದಲ್ಲ. 2013ರಲ್ಲಿ ಡಾರ್ಟ್‌ಮತ್ ಕಾಲೇಜು ಈ ಅಂಕಗಳಿಗೆ ಪದವಿಯ ಲೆಕ್ಕದಲ್ಲಿ ಸ್ಥಾನ ಕೊಡುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಶಾಲೆಯ ಮನೋವಿಜ್ಞಾನ ಪರೀಕ್ಷೆಯಲ್ಲಿ ಐದು ಪಡೆದವರಿಗೆ ತನ್ನದೇ ಆರಂಭಿಕ ಪರೀಕ್ಷೆ ಕೊಟ್ಟು ನೋಡಿದಾಗ ಶೇಕಡ 90ರಷ್ಟು ಮಂದಿ ತೇರ್ಗಡೆಯಾಗಲಿಲ್ಲವೆಂದು ಅದು ಹೇಳಿತು. ಆ ಪ್ರಯೋಗದ ಕ್ರಮವನ್ನು ಕಾಲೇಜ್ ಬೋರ್ಡ್ ಪ್ರಶ್ನಿಸಿತು. ಹಾರ್ವರ್ಡ್‌ನ ಫಿಲಿಪ್ ಸ್ಯಾಡ್ಲರ್ ಮತ್ತು ಗೆರ್ಹಾರ್ಡ್ ಸಾನೆರ್ಟ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಬಗೆಯದು. ಕಾಲೇಜಿನ ಕಲನಶಾಸ್ತ್ರದಲ್ಲಿ ಗೆಲ್ಲಲು ಶಾಲೆಯಲ್ಲಿಯೇ ಕಲನ ಓದಿರುವುದಕ್ಕಿಂತ ಬೀಜಗಣಿತ, ಜ್ಯಾಮಿತಿಯಂಥ ಪೂರ್ವಪಾಠಗಳ ಮೇಲಿನ ಹಿಡಿತ ಎರಡು ಪಟ್ಟಿಗೂ ಮಿಗಿಲಾಗಿ ನೆರವಾಗುತ್ತದೆಂದು ಅವರು ಕಂಡುಕೊಂಡರು. ಅವಸರದಲ್ಲಿ ಮುಂದೆ ಓಡಿದ್ದಕ್ಕಿಂತ ಹಿಂದಿನದನ್ನು ಗಟ್ಟಿ ಮಾಡಿಕೊಂಡದ್ದೇ ಹೆಚ್ಚು ಫಲ ಕೊಟ್ಟಿತು ಎಂದಾಯಿತು.

ಇದನ್ನೆಲ್ಲ ನಾನು ಪುಸ್ತಕದಿಂದಷ್ಟೇ ಕಲಿತವನಲ್ಲ. ಬಿ.ಎ.ಯಲ್ಲಿ ಸಂಖ್ಯಾಶಾಸ್ತ್ರದ ಪ್ರಾಥಮಿಕ ಪತ್ರಿಕೆ ನಮಗೆ ಐಚ್ಛಿಕವಾಗಿತ್ತು. ಕಡ್ಡಾಯವಲ್ಲದ ಕಷ್ಟವೇಕೆಂದು ಕೈಬಿಟ್ಟೆ. ಎಂ.ಎ.ಯಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡಿ ಪ್ರಥಮ ದರ್ಜೆಯನ್ನೂ ಪಡೆದೆ. ವರ್ಷಗಳ ನಂತರ ಜಿಲ್ಲೆಯೊಂದರಲ್ಲಿ ಅಧಿಕಾರಿಯಾಗಿದ್ದಾಗ ಕುಡಿಯುವ ನೀರಿನ ಮಾದರಿ ಸಮೀಕ್ಷೆಯ ವರದಿ ನನ್ನ ಮೇಜಿಗೆ ಬಂತು. ಶೇಕಡವಾರು ಅಂಕಿಗಳು ಅಚ್ಚುಕಟ್ಟಾಗಿದ್ದವು. ಶಿಫಾರಸು ಬರೆದು ಕಳುಹಿಸಿದೆ. ಆರಿಸಿದ ಹಳ್ಳಿಗಳೆಲ್ಲವೂ ಬಸ್ಸು ಹೋಗುವ ರಸ್ತೆಯ ಬದಿಯವೆಂಬುದನ್ನು ಕಿರಿಯ ಸಿಬ್ಬಂದಿಯೊಬ್ಬರು ತೋರಿಸಿಕೊಟ್ಟಾಗ ಹಣ ಹಂಚಿಕೆಯಾಗಿಹೋಗಿತ್ತು. ಒಳಭಾಗದ ಹಳ್ಳಿಗಳ ಹೆಂಗಸರು ಇನ್ನೊಂದು ಬೇಸಿಗೆಯಿಡೀ ಕೊಡ ಹೊತ್ತು ನಡೆದರು. ಮಾದರಿಯನ್ನು ಹೇಗೆ ಆರಿಸಿದಿರಿ ಎಂಬ ಪ್ರಶ್ನೆ ಪ್ರಾಥಮಿಕ ಪತ್ರಿಕೆಯ ಮೊದಲ ಪಾಠದ್ದು. ಅದನ್ನು ಕೇಳಲು ನನಗೆ ತೋಚಿರಲಿಲ್ಲ. ಉಳಿಸಿದ ಶ್ರಮ ನನ್ನದು, ತೆತ್ತ ಬೆಲೆ ಅವರದು.

ಹಾಗೆಂದು ಎಲ್ಲರೂ ಎಲ್ಲವನ್ನೂ ಮೊದಲಿನಿಂದ ಓದಲೇಬೇಕೆಂಬ ಹಟ ನನ್ನದಲ್ಲ. ವಿನಾಯಿತಿಯ ಅರ್ಹತೆ ಬೇರೆ, ವಿನಾಯಿತಿಯ ಔಚಿತ್ಯ ಬೇರೆ. ಮೊದಲನೆಯದನ್ನು ಅಂಕಪಟ್ಟಿ ಹೇಳುತ್ತದೆ, ಎರಡನೆಯದನ್ನು ವಿದ್ಯಾರ್ಥಿಯೇ ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಬೇಕು. ಆದುದರಿಂದ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ಯಾವ ಕೋರ್ಸನ್ನು ಬಿಡಬೇಕೆಂದಿದ್ದೀಯೋ ಅದರ ಹಿಂದಿನ ವರ್ಷದ ಅಂತಿಮ ಪ್ರಶ್ನೆಪತ್ರಿಕೆಯನ್ನು ಆ ವಿಭಾಗದಿಂದಲೇ ಕೇಳಿ ಪಡೆದುಕೋ. ಬಾಗಿಲು ಹಾಕಿಕೊಂಡು, ಗಡಿಯಾರ ಎದುರಿಟ್ಟುಕೊಂಡು, ಪುಸ್ತಕ ಮುಚ್ಚಿಟ್ಟು ಬರೆ. ಆಮೇಲೆ ನಿರ್ಧರಿಸು.

ಆಕೆ ಬರೆದಳು. ಕಲನಶಾಸ್ತ್ರ ನೀರು ಕುಡಿದಷ್ಟು ಸಲೀಸಾಯಿತು. ಅದನ್ನು ಬಿಟ್ಟು ಮುಂದಿನ ಕೋರ್ಸಿಗೆ ಹೋದಳು. ರಸಾಯನಶಾಸ್ತ್ರದಲ್ಲಿ ಲೆಕ್ಕಗಳೇನೋ ಸರಿಬಂದವು, ಆದರೆ ‘ಏಕೆ’ ಎಂದು ಕೇಳಿದ ಕಡೆಯಲ್ಲೆಲ್ಲ ಉತ್ತರ ಅರ್ಧಕ್ಕೆ ನಿಂತಿತು. ಅದನ್ನು ಮೊದಲಿನಿಂದ ಓದಲು ಹೆಸರು ನೋಂದಾಯಿಸಿದಳು. ಅವಳ ತಂದೆ ಒಂದು ಕೋರ್ಸಿನ ಶುಲ್ಕ ಕಟ್ಟಿದ, ಇನ್ನೊಂದರದ್ದು ಉಳಿಸಿದ.

ಈ ವಿವೇಚನೆಯ ಹೊಣೆಯನ್ನೆಲ್ಲ ಹದಿನೆಂಟರ ಮಕ್ಕಳ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ. ವಿನಾಯಿತಿ ಕೊಡುವ ಕಾಲೇಜುಗಳು ಅದಕ್ಕೆ ಮುನ್ನ ತಮ್ಮದೇ ಒಂದು ಪರೀಕ್ಷೆ ನಡೆಸಿ, ಫಲಿತಾಂಶವನ್ನು ವಿದ್ಯಾರ್ಥಿಯ ಮುಂದಿಟ್ಟು ಮಾತನಾಡಲಿ. ಅದಕ್ಕೆ ತಗಲುವುದು ಹೆಚ್ಚೆಂದರೆ ಒಂದು ಮಧ್ಯಾಹ್ನ.