ಬುತ್ತಿ ಬೇಡವೆನ್ನುವ ಜಾತ್ರೆ

ಚಳಿ ಶುರುವಾದರೆ ಸಾಕು, ಕಾಲೇಜು ಹುಡುಗ ಹುಡುಗಿಯರ ಫೋನುಗಳಲ್ಲಿ ಒಂದು ಪಟ್ಟಿ ಓಡಾಡತೊಡಗುತ್ತದೆ. ನಂದಿಬೆಟ್ಟದ ತಪ್ಪಲಲ್ಲೋ ದೇವನಹಳ್ಳಿ ಆಚೆಯ ಯಾವುದಾದರೂ ಫಾರ್ಮಿನ ಬಯಲಲ್ಲೋ ಎರಡು ರಾತ್ರಿ ಟೆಂಟು ಹಾಕಿಕೊಂಡು ಸಂಗೀತ ಕೇಳುವ ಉತ್ಸವಕ್ಕೆ ಹೊರಟವರು ಏನೇನು ಕಟ್ಟಿಕೊಳ್ಳಬೇಕು ಎಂಬ ಪಟ್ಟಿ. ಟೆಂಟು, ಸ್ಲೀಪಿಂಗ್ ಬ್ಯಾಗು, ಹಣೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕು, ಬಿಸಿಲಿಗೆ ಕ್ರೀಮು, ಇಬ್ಬನಿಗೆ ಜಾಕೆಟ್ಟು, ಕಿವಿಗೆ ಹತ್ತಿ, ಸೊಳ್ಳೆಗೆ ಮುಲಾಮು. ಇಷ್ಟಕ್ಕೆ ನನ್ನ ತಕರಾರಿಲ್ಲ. ಡಿಸೆಂಬರಿನಲ್ಲಿ ದೊಡ್ಡಬಳ್ಳಾಪುರದ ಕಡೆ ಬಯಲಲ್ಲಿ ರಾತ್ರಿ ಕಳೆದವರಿಗೆ ಗೊತ್ತು, ಬೆಳಗಿನ ಜಾವದ ಹೊತ್ತಿಗೆ ಜಾಕೆಟ್ಟೂ ಸಾಲದು. ತಕರಾರಿರುವುದು ಕೊನೆಗೆ ದಪ್ಪ ಅಕ್ಷರದಲ್ಲಿರುವ ಇನ್ನೊಂದು ಪಟ್ಟಿಯ ಮೇಲೆ: ತರಬಾರದ ವಸ್ತುಗಳು. ಗಾಜು, ಚಾಕು, ಪಟಾಕಿಗಳ ಸಾಲಿನಲ್ಲೇ ಕೂತಿವೆ ಮನೆಯ ಊಟ, ಕುಡಿಯುವ ನೀರು, ಸಂಗೀತ ವಾದ್ಯ.

ಸಂಗೀತದ ಉತ್ಸವಕ್ಕೆ ವಾದ್ಯ ತರಬಾರದು. ಎರಡು ದಿನ ಬೀಡು ಬಿಡುವ ಜಾಗಕ್ಕೆ ಅನ್ನ ತರಬಾರದು, ನೀರು ತರಬಾರದು. ಈ ಮೂರು ಬೇಡಗಳನ್ನು ನಮ್ಮ ಹುಡುಗರು ಒಂದು ಮಾತೂ ಆಡದೆ ಒಪ್ಪಿಕೊಂಡು, ಅದರ ಮೇಲೆ ಸಾವಿರಾರು ರೂಪಾಯಿಯ ಟಿಕೆಟ್ಟನ್ನೂ ಕೊಳ್ಳುತ್ತಿದ್ದಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಗಂಟು ಕಟ್ಟುವುದು ಸಣ್ಣ ಕೆಲಸವಲ್ಲ. ಎಲ್ಲಿಗೆ ಹೋಗುತ್ತಿದ್ದೇವೆ, ಅಲ್ಲಿ ನಾವು ಯಾರು ಎಂಬುದು ಆ ಗಂಟಿನಲ್ಲೇ ತೀರ್ಮಾನವಾಗುತ್ತದೆ. ಬುತ್ತಿ ಕಟ್ಟಿಕೊಂಡು ಬಂದವನು ಇನ್ನೊಬ್ಬನಿಗೆ ತುತ್ತು ಕೊಡಬಲ್ಲ. ಬರಿಗೈಯಲ್ಲಿ ಬರಬೇಕು ಎಂದು ಕಟ್ಟುಪಾಡು ಹಾಕಿಸಿಕೊಂಡು ಬಂದವನು ಕೊಳ್ಳಬಲ್ಲ, ಅಷ್ಟೆ.

ಈ ನೆಲಕ್ಕೆ ಟೆಂಟಿನ ಉತ್ಸವ ಹೊಸದೇನಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯ ರಥಕ್ಕೆ ಮುಂಚಿನ ದಿನಗಳಲ್ಲಿ ದನಗಳ ಜಾತ್ರೆ ಕಟ್ಟುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಜನ ಸೇರುತ್ತಾರೆ. ಘಾಟಿಯ ಜಾತ್ರೆಗೆ ಹಳ್ಳಿಕಾರ್ ಜೋಡಿಗಳನ್ನು ಹೊಡೆದುಕೊಂಡು ಬರುವ ರೈತರು ಒಂದೆರಡು ರಾತ್ರಿಯಲ್ಲ, ವ್ಯಾಪಾರ ಕುದುರುವವರೆಗೂ ಮರದ ಕೆಳಗೆ, ಚಪ್ಪರದ ಕೆಳಗೆ ಬೀಡು ಬಿಡುತ್ತಾರೆ. ಅವರ ಗಂಟು ಬಿಚ್ಚಿ ನೋಡಿ. ಎತ್ತಿಗೆ ಹುಲ್ಲು, ಹುರುಳಿ, ಗೂಟ, ಹಗ್ಗ, ನೀರಿನ ಬಕೀಟು. ಮನುಷ್ಯರಿಗೆ ಕಂಬಳಿ, ಚಾಪೆ, ರಾಗಿಹಿಟ್ಟು, ಹುರಿಹಿಟ್ಟು, ಉಪ್ಪು, ಮೆಣಸಿನಪುಡಿ, ಒಂದು ಪಾತ್ರೆ, ಒಂದು ಮುದ್ದೆಕೋಲು. ಒಲೆಗೆ ಮೂರು ಕಲ್ಲು ಅಲ್ಲೇ ಸಿಗುತ್ತವೆ. ಅವರೆಕಾಯಿಯ ಕಾಲವಾದ್ದರಿಂದ ಸಾರಿಗೆ ಚಿಂತೆಯಿಲ್ಲ. ನಮ್ಮಜ್ಜಿ ಜಾತ್ರೆಗೆ ಹೊರಡುವಾಗ ಹುಳಿಯನ್ನವನ್ನು ಮುತ್ತುಗದೆಲೆಯಲ್ಲಿ ಕಟ್ಟುತ್ತಿದ್ದಳು. ಮನೆಯವರು ಐದು ಜನ ಇದ್ದರೆ ಎಂಟು ಜನಕ್ಕಾಗುವಷ್ಟು. ಆ ಮೂರು ಪಾಲು ಯಾರಿಗೆ ಎಂದು ಕೇಳಿದರೆ, 'ದಾರೀಲಿ ಯಾರಾದ್ರೂ ಸಿಗ್ತಾರಪ್ಪ' ಎನ್ನುತ್ತಿದ್ದಳು.

ಸಂಗೀತವೂ ಹಾಗೆಯೇ ಗಂಟಿನಲ್ಲೇ ಬರುತ್ತಿತ್ತು. ಒಳ್ಳೆಯ ಜೋಡಿ ಎತ್ತುಗಳನ್ನು ತಮಟೆ ವಾದ್ಯದೊಂದಿಗೆ ಮೆರವಣಿಗೆ ಮಾಡಿಸುವುದು ಇವತ್ತಿಗೂ ಉಂಟು. ಭಜನೆಯವರು ತಾಳ, ಕಂಜಿರ, ಹಾರ್ಮೋನಿಯಂ ಹೊತ್ತು ತರುತ್ತಿದ್ದರು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ ಆಡುವ ಕುರುಕ್ಷೇತ್ರ ನಾಟಕವನ್ನು ನೋಡಿದವರು ಬಲ್ಲರು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ಕಂದಪದ್ಯ ಕಲಿತವನೇ ಭೀಮ, ಹಗಲು ಹೊತ್ತು ಅವನು ಮಗ್ಗದ ಕೆಲಸದವನು. ಚಾಪೆ ಕಂಬಳಿ ತಂದು ಬೆಳಕು ಹರಿಯುವವರೆಗೆ ಕೂತು ನೋಡುತ್ತಿದ್ದವರಲ್ಲಿ ಅರ್ಧ ಜನಕ್ಕೆ ಆ ಪದ್ಯಗಳು ಬಾಯಿಗೆ ಬರುತ್ತಿದ್ದವು. ರಾಗ ತಪ್ಪಿದರೆ ಮುಂದಿನ ಸಾಲಿನಿಂದಲೇ ಯಾರೋ ಎತ್ತಿಕೊಡುತ್ತಿದ್ದರು. ಕೇಳುವವನು ಹಾಡಬಲ್ಲವನೂ ಆಗಿದ್ದ.

ಇದನ್ನೆಲ್ಲ ಹೇಳಿ 'ಆ ಕಾಲವೇ ಚೆನ್ನಾಗಿತ್ತು' ಎಂದು ಕಣ್ಣೊರೆಸಿಕೊಳ್ಳುವ ಇರಾದೆ ನನಗಿಲ್ಲ. ಜಾತ್ರೆಯ ಬುತ್ತಿ ಜಾತಿಯಿಂದ ಹೊರತಾಗಿರಲಿಲ್ಲ. ತಮಟೆ ಬಾರಿಸಿದವನ ಕೈ ಮೆಚ್ಚಿದವರೇ ಅವನನ್ನು ತಮ್ಮ ಚಾಪೆಯಿಂದ ದೂರ ಕೂರಿಸಿ, ಮೇಲಿನಿಂದ ನೀರು ಹೊಯ್ಯುತ್ತಿದ್ದರು. ನಮ್ಮಜ್ಜಿಯ ಮೂರು ಪಾಲು ಯಾರಿಗೆ ಸಲ್ಲುತ್ತಿತ್ತು, ಯಾರಿಗೆ ಸಲ್ಲುತ್ತಿರಲಿಲ್ಲ ಎಂದು ನಾನು ಕೇಳಿಕೊಂಡಿದ್ದೇನೆ, ಉತ್ತರ ಹಿತವಾಗಿಲ್ಲ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ರಾತ್ರಿ ತಂಗುವ ಮಾತಂತೂ ಇರಲೇ ಇಲ್ಲ. ಇವತ್ತು ಟೆಂಟಿನ ಉತ್ಸವಕ್ಕೆ ಇಪ್ಪತ್ತು ವರ್ಷದ ಹುಡುಗಿಯರು ನಾಲ್ವರು ಸೇರಿ, ಮನೆಯಲ್ಲಿ ಜಗಳ ಮಾಡಿಕೊಂಡಾದರೂ ಬರುತ್ತಾರಲ್ಲ, ಪಕ್ಕದ ಟೆಂಟಿನವರ ಕುಲ ಕೇಳದೆ ಕೂರುತ್ತಾರಲ್ಲ, ಅದು ಹಳೆಯ ಜಾತ್ರೆ ಕೊಡಲಾರದ ಸ್ವಾತಂತ್ರ್ಯ. ಅದಕ್ಕೇ ನನ್ನ ಹೊಟ್ಟೆ ಉರಿಯುವುದು. ಯಾರ ಕೈಯ ಅನ್ನವನ್ನು ಯಾರಾದರೂ ಉಣ್ಣಬಹುದಾದ ಬಯಲೊಂದು ಕೊನೆಗೂ ಸಿಕ್ಕಿದಾಗ, ಅಲ್ಲಿ ಅನ್ನ ತರುವುದನ್ನೇ ನಿಷೇಧಿಸಿಬಿಟ್ಟರು!

ಎರಡು ವರ್ಷದ ಹಿಂದೆ ಇಂಥದ್ದೊಂದು ಉತ್ಸವದ ಗೇಟಿನಲ್ಲಿ ನಮ್ಮ ಗುಂಪಿನ ಹುಡುಗಿಯೊಬ್ಬಳ ಚೀಲ ತಪಾಸಣೆಯಾಯಿತು. ಅವಳ ತಾಯಿ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಸ್ಟೀಲ್ ಬಾಟಲಿಯ ನೀರು. ರೊಟ್ಟಿ ಡ್ರಮ್ಮಿಗೆ ಹೋಯಿತು, ನೀರನ್ನು ನೆಲಕ್ಕೆ ಚೆಲ್ಲಿಸಿದರು. ಕೆಲಸದ ಹುಡುಗ ಪಾಪ, ಮುಖ ತಗ್ಗಿಸಿಕೊಂಡೇ, 'ರೂಲ್ಸ್ ಅಕ್ಕ' ಎಂದ. ಒಳಗೆ ಹೋಗಿ ನೋಡಿದರೆ ವೇದಿಕೆಯ ಹಿಂದೆ ಹಸಿರು ಬಣ್ಣದ ದೊಡ್ಡ ಬ್ಯಾನರು: ಭೂಮಿತಾಯಿಯನ್ನು ಉಳಿಸಿ. ಅದರ ಪಕ್ಕದ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರು ಮಾರಾಟಕ್ಕಿತ್ತು.

ಆ ನೀರನ್ನು ಯಾವ ನೆಲಕ್ಕೆ ಚೆಲ್ಲಿಸಿದರು ಎಂಬುದನ್ನೂ ನೋಡಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ ಹೆಸರಘಟ್ಟಕ್ಕೆ ಹರಿಯುತ್ತಿತ್ತು. 1894ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಡುವ ಯೋಜನೆ ಶುರುವಾದದ್ದು ಆ ಹೆಸರಘಟ್ಟದಿಂದ. ಊರಿಗೆಲ್ಲ ನೀರು ಕುಡಿಸಿದ ಆ ನದಿಯ ಪಾತ್ರದಲ್ಲಿ ಇವತ್ತು ವರ್ಷದ ಬಹುಪಾಲು ನೀರಿಲ್ಲ. ಇಲ್ಲಿನ ರೈತ ಸಾವಿರ ಅಡಿ ಕೊರೆಸಿಯೂ ನೀರು ಬಿದ್ದೀತೆಂಬ ನಂಬಿಕೆಯಿಲ್ಲದೆ ಸಾಲ ಮಾಡುತ್ತಾನೆ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ನಿಷೇಧವಿದೆ, ಆದರೆ ನೀರಿನ ಬಾಟಲಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸ್ಟ್ರಾ ಇಲ್ಲದ ಉತ್ಸವ ಎಂದು ಬೆನ್ನು ತಟ್ಟಿಕೊಳ್ಳುತ್ತಲೇ ಬಾಟಲಿ ಮಾರಬಹುದು. ಮನೆಯಿಂದ ಬಂದ ಸ್ಟೀಲ್ ಬಾಟಲಿಯನ್ನು ಗೇಟಿನಲ್ಲಿ ಖಾಲಿ ಮಾಡಿಸದಿದ್ದರೆ ಆ ವ್ಯಾಪಾರ ನಡೆಯುವುದಿಲ್ಲ.

ಸಂಘಟಕರಿಗೆ ಉತ್ತರಗಳಿಲ್ಲವೆಂದಲ್ಲ. ಮೊದಲನೆಯದು ಸುರಕ್ಷತೆ: ನೀರಿನ ಬಾಟಲಿಯಲ್ಲಿ ಮದ್ಯ ತರುತ್ತಾರೆ, ಡಬ್ಬಿಯಲ್ಲಿ ಇನ್ನೇನೋ ತರುತ್ತಾರೆ. ತರುವವರು ಇದ್ದಾರೆ, ಒಪ್ಪೋಣ. ಅದಕ್ಕೆ ಬಾಟಲಿ ಮೂಸಿ ನೋಡಿ, ಡಬ್ಬಿ ತೆಗೆಸಿ ನೋಡಿ. ಡಬ್ಬಿ ತೆಗೆಸಿ ರೊಟ್ಟಿ ಕಂಡ ಮೇಲೂ ಅದನ್ನು ಡ್ರಮ್ಮಿಗೆ ಹಾಕಿಸುವುದಕ್ಕೆ ಸುರಕ್ಷತೆಯ ಹೆಸರು ಸಲ್ಲದು. ಒಳಗೆ ಬಿಯರ್ ಅಂಗಡಿ ತೆರೆದಿಟ್ಟವರ ಬಾಯಲ್ಲಿ ಮದ್ಯದ ಭಯವಂತೂ ಶೋಭಿಸುವುದಿಲ್ಲ.

ಎರಡನೆಯದು ಕಾನೂನು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಸಿನಿಮಾ ಮಂದಿರದವರಿಗಿದೆ ಎಂದಿತು. ಈ ತೀರ್ಪನ್ನು ಸಂಘಟಕರು ತೋರಿಸುತ್ತಾರೆ. ಅದೇ ಸಂದರ್ಭದಲ್ಲಿ, ಮಂದಿರದವರು ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಎಳೆಮಕ್ಕಳಿಗೆ ತಂದ ಆಹಾರಕ್ಕೆ ಅಡ್ಡಿ ಮಾಡಬಾರದು ಎಂದೂ ಕೋರ್ಟು ಹೇಳಿತ್ತು. ಅದಿರಲಿ, ಸಿನಿಮಾ ಎಂದರೆ ಎರಡೂವರೆ ಗಂಟೆ. ಹಸಿವಾದರೆ ಮುಗಿದ ಮೇಲೆ ಹೊರಗೆ ಬಂದು ಇಡ್ಲಿ ತಿನ್ನಬಹುದು. ಇಲ್ಲಿ ಎರಡು ಹಗಲು, ಎರಡು ರಾತ್ರಿ, ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಉಣ್ಣುವ, ಮಲಗುವ, ಸ್ನಾನ ಮಾಡುವ ಜಾಗವನ್ನು ಸಿನಿಮಾ ಮಂದಿರಕ್ಕೆ ಹೋಲಿಸುವುದು ಹೇಗೆ?

ಮೂರನೆಯದೇ ನಿಜವಾದ ಕಾರಣ, ಅದನ್ನು ಪಿಸುದನಿಯಲ್ಲಿ ಹೇಳುತ್ತಾರೆ: ಟಿಕೆಟ್ಟಿನ ದುಡ್ಡು ಕಲಾವಿದರಿಗೂ ಮೈಕಿನವರಿಗೂ ಸಾಲುವುದಿಲ್ಲ, ಊಟದ ಅಂಗಡಿಗಳ ಬಾಡಿಗೆಯಿಂದಲೇ ಉತ್ಸವ ನಿಲ್ಲಬೇಕು. ಈ ಮಾತಿನಲ್ಲಿ ಸತ್ಯವಿದೆ. ಹಾಗಿದ್ದರೆ ಅದನ್ನೇ ಟಿಕೆಟ್ಟಿನ ಮೇಲೆ ಬರೆಯಿರಿ, ಬೆಲೆ ಹೆಚ್ಚಿಸುವುದಿದ್ದರೆ ಎದುರಿಗೇ ಹೆಚ್ಚಿಸಿ, ಕೊಳ್ಳುವವರು ಯೋಚಿಸಿ ಕೊಳ್ಳಲಿ. ರೊಟ್ಟಿಯನ್ನು ಪಟಾಕಿಯ ಸಾಲಿಗೆ ಸೇರಿಸಿ ಲೆಕ್ಕ ಸರಿದೂಗಿಸಬೇಡಿ. ಈಗ ಆಗುತ್ತಿರುವುದೇನು? ಟಿಕೆಟ್ಟಿಗೇ ಮೂರು ತಿಂಗಳು ದುಡ್ಡು ಕೂಡಿಟ್ಟ ವಿದ್ಯಾರ್ಥಿ ಒಳಗೆ ಹೋಗಿ ಎರಡು ದಿನ ಅರೆಹೊಟ್ಟೆಯಲ್ಲಿ ಹಾಡು ಕೇಳುತ್ತಾನೆ, ಜೇಬು ಗಟ್ಟಿಯಿದ್ದವನು ಉಂಡು ಕೇಳುತ್ತಾನೆ. ಗೇಟಿನ ಹೊರಗೆ ಬಿಟ್ಟುಬಂದೆವು ಎಂದುಕೊಂಡ ಭೇದ ಊಟದ ಅಂಗಡಿಯ ಮುಂದೆ ಮತ್ತೆ ಸಾಲು ನಿಲ್ಲುತ್ತದೆ.

ಈ ಉತ್ಸವಗಳವರು ಮಾತೆತ್ತಿದರೆ ವಿದೇಶದ ಹೆಸರು ಹೇಳುತ್ತಾರೆ. ಆ ಹೆಸರುಗಳನ್ನೇ ನೋಡೋಣ. 1969ರ ಆಗಸ್ಟಿನಲ್ಲಿ ಅಮೆರಿಕದ ಬೆತೆಲ್ ಎಂಬಲ್ಲಿ ಹೈನುಗಾರ ಮ್ಯಾಕ್ಸ್ ಯಾಸ್ಗರ್‌ನ ಹೊಲದಲ್ಲಿ ವುಡ್‌ಸ್ಟಾಕ್ ನಡೆದಾಗ, ಲಕ್ಷಾಂತರ ಜನ ನುಗ್ಗಿ ಬಂದು ಅಂಗಡಿಗಳ ಊಟ ತೀರಿಹೋಯಿತು. ಆ ಉತ್ಸವವನ್ನು ಕಾಪಾಡಿದ್ದು ಸುತ್ತಲಿನ ಊರುಗಳ ಹೆಂಗಸರು ಮಾಡಿ ಕಳಿಸಿದ ಬ್ರೆಡ್ಡಿನ ತುಂಡುಗಳು, ಹಾಗ್ ಫಾರ್ಮ್ ಎಂಬ ಗುಂಪಿನವರು ಬೇಯಿಸಿ ಹಂಚಿದ ಧಾನ್ಯ. 1970ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಮೊದಲ ಉತ್ಸವ ನಡೆದಾಗ ಟಿಕೆಟ್ಟು ಒಂದು ಪೌಂಡು, ಜೊತೆಗೆ ಆ ಹೊಲದ ಹಸುಗಳ ಹಾಲು ಪುಕ್ಕಟೆ. ಇವತ್ತಿಗೂ ಅಲ್ಲಿ ಜನ ತಮ್ಮ ಊಟ ತಾವು ಹೊತ್ತು ತರಬಹುದು, ಗಾಜು ಮಾತ್ರ ಕೂಡದು. 2019ರಲ್ಲಿ ಅವರು ಒಳಗೆ ಪ್ಲಾಸ್ಟಿಕ್ ಬಾಟಲಿಯ ನೀರು ಮಾರುವುದನ್ನೇ ನಿಲ್ಲಿಸಿ ನಲ್ಲಿಗಳನ್ನಿಟ್ಟರು. ನಮ್ಮವರು ಅಲ್ಲಿಂದ ತಂದದ್ದು ಟೆಂಟು ಮತ್ತು ಬಣ್ಣದ ದೀಪ. ಬುತ್ತಿಯನ್ನೂ ನಲ್ಲಿಯನ್ನೂ ಅಲ್ಲೇ ಬಿಟ್ಟು ಬಂದರು.

ಇನ್ನು ವಾದ್ಯದ ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ, ವಾದ್ಯಗಳಿಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಕಡಿವಾಣವಿದೆ. ಅದು ಸರಿಯಾದದ್ದೇ, ಪಕ್ಕದ ಹಳ್ಳಿಯಲ್ಲಿ ಬೆಳಿಗ್ಗೆ ಐದಕ್ಕೆ ಹಾಲು ಕರೆಯಲು ಏಳಬೇಕಾದವರಿದ್ದಾರೆ. ಆದರೆ ಹಗಲಿನಲ್ಲಿ, ಒಂದು ತಂಡ ಇಳಿದು ಇನ್ನೊಂದು ತಂಡ ಏರುವ ಬಿಡುವಿನಲ್ಲಿ, ಟೆಂಟಿನ ಮುಂದೆ ಒಬ್ಬ ಕಂಜಿರ ತಟ್ಟಿದರೆ ಯಾರ ಗಂಟು ಹೋಗುತ್ತದೆ? ಮೈಕು ನಿಂತ ಮೇಲೆ ನಾಲ್ಕು ಜನ ಕೂತು ಮೆಲುದನಿಯಲ್ಲಿ ಹಾಡಿಕೊಳ್ಳಲು ಯಾವ ನಿಯಮ ಅಡ್ಡಿ? ಈ ಉತ್ಸವಗಳಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ಇದು: ಹತ್ತು ಗಂಟೆಗೆ ಸದ್ದು ನಿಂತರೆ ಸಾವಿರ ಜನ ಸಂಗೀತಪ್ರೇಮಿಗಳು ಏನು ಮಾಡುವುದೆಂದು ತಿಳಿಯದೆ ಫೋನು ತೆಗೆಯುತ್ತಾರೆ. ಹಾಡನ್ನು ದುಡ್ಡು ಕೊಟ್ಟು ಕೇಳುವುದು ರೂಢಿಯಾಗಿದೆ, ಬಾಯಿ ಬಿಟ್ಟು ಹಾಡುವುದು ಮರೆತುಹೋಗಿದೆ.

ಉತ್ಸವಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ. ಟಿಕೆಟ್ಟು ಕೊಳ್ಳುವ ಮುಂಚೆ ಮೂರು ಪ್ರಶ್ನೆ ಬರೆದು ಕಳಿಸಿ: ಮನೆಯ ಊಟ ಬಿಡುತ್ತೀರಾ? ಬಾಟಲಿ ತುಂಬಿಸಿಕೊಳ್ಳಲು ನಲ್ಲಿ ಎಷ್ಟು ಇವೆ? ಮೈಕಿಗೆ ಹಚ್ಚದ ವಾದ್ಯ ತರಬಹುದೇ? ಒಬ್ಬರು ಕೇಳಿದರೆ ಉತ್ತರ ಬರುವುದಿಲ್ಲ. ಒಂದು ಕಾಲೇಜಿನ ಇನ್ನೂರು ಜನ ಕೇಳಿ, ಉತ್ತರ ಬರುವವರೆಗೆ ಟಿಕೆಟ್ಟು ಕೊಳ್ಳದಿದ್ದರೆ ಪಟ್ಟಿ ಬದಲಾಗುತ್ತದೆ. ಅವರದು ವ್ಯಾಪಾರ ತಾನೆ, ವ್ಯಾಪಾರದ ಭಾಷೆ ಅವರಿಗೆ ಬೇಗ ಅರ್ಥವಾಗುತ್ತದೆ.

ಗಂಟು ಕಟ್ಟುವಾಗ ಟಾರ್ಚು, ಜಾಕೆಟ್ಟಿನ ಜೊತೆಗೆ ಒಂದು ಕಂಬಳಿ ಇರಲಿ, ಇಬ್ಬರಿಗೆ ಹಾಸಲು ಬರುತ್ತದೆ. ಒಂದು ಸ್ಟೀಲ್ ಲೋಟ. ಕಾಗದದಲ್ಲಿ ಬರೆದುಕೊಂಡ ನಾಲ್ಕು ಹಾಡು, ಫೋನಿನಲ್ಲಿ ಬೇಡ. ತಂದ ಟೆಂಟು ಹರಿದಿದ್ದರೂ ವಾಪಸು ಹೊತ್ತು ತನ್ನಿ, ನೀವು ಹೋದ ಮೇಲೆ ಆ ಹೊಲದಲ್ಲಿ ರಾಗಿ ಬಿತ್ತಬೇಕಾದವರಿದ್ದಾರೆ. ಬುತ್ತಿಯನ್ನೂ ಕಟ್ಟಿ, ನಿಮ್ಮ ಹಸಿವಿಗಿಂತ ಎರಡು ಪಾಲು ಹೆಚ್ಚಿಗೆ. ಗೇಟಿನಲ್ಲಿ ತಡೆದರೆ ಡ್ರಮ್ಮಿಗೆ ಹಾಕಬೇಡಿ. ಅಲ್ಲೇ ಪಕ್ಕಕ್ಕೆ ನಿಂತು, ತಡೆದ ಹುಡುಗನನ್ನೂ ಕರೆದು ಕೂರಿಸಿಕೊಂಡು ಉಂಡು, ಆಮೇಲೆ ಒಳಗೆ ಹೋಗಿ. ಬೆಳಿಗ್ಗೆಯಿಂದ ನಿಂತೇ ಇರುತ್ತಾನೆ, ಅವನಿಗೂ ಹಸಿವಾಗಿರುತ್ತದೆ.