ಕಾಯ್ದೆ ಅಳಿಸಿದರೂ ಉಳಿಯುವ ಹಣೆಪಟ್ಟಿ

ಹದಿನೈದರ ಬಾಲಕನೊಬ್ಬ ಬೈಕ್ ಕಳವಿನಲ್ಲಿ ಸಿಕ್ಕಿಬಿದ್ದನೆಂದರೆ ಬಡಾವಣೆಯ ಪಾಲಿಗೆ ಅವನು ಅಂದಿನಿಂದ ಕಳ್ಳ. ಬಾಲ ನ್ಯಾಯ ಮಂಡಳಿಯು ಪ್ರಕರಣ ಮುಗಿಸಿದರೂ ನೆರೆಹೊರೆ ಮುಗಿಸುವುದಿಲ್ಲ. ಮುಂದೆ ಏನೇ ಕಾಣೆಯಾದರೂ ಎಲ್ಲರೂ ಬೊಟ್ಟು ಮಾಡುವುದು ಅವನತ್ತಲೇ. ಸಮಾಜಶಾಸ್ತ್ರದ ‘ಹಣೆಪಟ್ಟಿ ಸಿದ್ಧಾಂತ’ ವಿವರಿಸುವುದು ಇದನ್ನೇ.

ಹುಡುಗುತನದ ಮೊದಲ ತಪ್ಪು ಒಂದು, ಅಪರಾಧಿ ಎನಿಸಿಕೊಂಡ ಮೇಲೆ ಆ ಹೆಸರಿಗೆ ತಕ್ಕಂತೆ ಬಾಳತೊಡಗುವುದು ಮತ್ತೊಂದು ಎಂದು ಅಮೆರಿಕದ ಎಡ್ವಿನ್ ಲೆಮರ್ಟ್ 1951ರಲ್ಲೇ ವಿಂಗಡಿಸಿದ್ದರು. ಅದೇ ದೇಶದ ವಿಲಿಯಂ ಚಾಂಬ್ಲಿಸ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ನೀಡಿತು. ಒಂದೇ ಶಾಲೆಯ ಎರಡು ಗುಂಪುಗಳನ್ನು ಅವರು ಗಮನಿಸಿದ್ದರು. ಸ್ಥಿತಿವಂತರ ಮನೆಯ ಎಂಟು ಹುಡುಗರು ಪುಂಡಾಟದಲ್ಲಿ ಹಿಂದೆ ಬಿದ್ದಿರಲಿಲ್ಲ. ಆದರೂ ಎರಡು ವರ್ಷಗಳಲ್ಲಿ ಒಬ್ಬನೂ ಬಂಧನಕ್ಕೊಳಗಾಗಲಿಲ್ಲ. ಬಡವರ ಮನೆಯ ಆರು ಮಂದಿ ಮಾತ್ರ ಪದೇ ಪದೇ ಪೊಲೀಸರ ಕಣ್ಣಿಗೆ ಬಿದ್ದರು. ಅವರಲ್ಲಿ ಇಬ್ಬರು ಮುಂದೆ ಕೊಲೆ ಪ್ರಕರಣಗಳಲ್ಲಿ ಜೈಲು ಸೇರಿದರೆ, ಕ್ರೀಡೆಯ ಬಲದಿಂದ ಕಾಲೇಜು ಮೆಟ್ಟಿಲೇರಿದ ಇಬ್ಬರು ಶಿಕ್ಷಕರಾದರು. ಅವಕಾಶ ದೊರೆತರೆ ಹಣೆಪಟ್ಟಿ ಕಳಚಬಲ್ಲದು ಎಂಬುದಕ್ಕೂ ಇದೇ ನಿದರ್ಶನ.

ಭಾರತದ 2015ರ ಬಾಲ ನ್ಯಾಯ ಕಾಯ್ದೆ ಈ ತಿಳಿವಳಿಕೆಯನ್ನು ಬಹುಮಟ್ಟಿಗೆ ಒಪ್ಪಿಕೊಂಡಿದೆ. ಅದರ ಪ್ರಕಾರ ಬಾಲಕ ‘ಅಪರಾಧಿ’ಯಲ್ಲ, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಅವನ ಹೆಸರು, ವಿಳಾಸ, ಶಾಲೆಯ ಗುರುತು ಪ್ರಕಟಿಸುವುದು ಶಿಕ್ಷಾರ್ಹ. ಇತ್ಯರ್ಥಗೊಂಡ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ.

ಆದರೆ 2012ರ ದೆಹಲಿ ಅತ್ಯಾಚಾರ ಪ್ರಕರಣದ ಆಕ್ರೋಶದ ಹಿನ್ನೆಲೆಯಲ್ಲಿ ರೂಪುಗೊಂಡ ಇದೇ ಕಾಯ್ದೆ ಒಂದು ವಿನಾಯಿತಿಯನ್ನೂ ಇರಿಸಿಕೊಂಡಿದೆ. ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರನ್ನು ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕರಂತೆ ವಿಚಾರಣೆಗೊಳಪಡಿಸಬಹುದು. ಹೀಗೆ ತಪ್ಪಿತಸ್ಥರೆನಿಸಿದವರ ದಾಖಲೆ ಉಳಿಯುತ್ತದೆ. ಶಿಕ್ಷೆಯಿಂದ ಬರುವ ಅನರ್ಹತೆಯೂ ಅವರನ್ನು ಬಿಡದು.

ಹಣೆಪಟ್ಟಿ ಸಿದ್ಧಾಂತಕ್ಕೂ ಮಿತಿಗಳಿವೆ. ಮೊದಲ ತಪ್ಪೇಕೆ ನಡೆಯಿತೆಂಬುದಕ್ಕೆ ಅದರಲ್ಲಿ ಸಮರ್ಪಕ ಉತ್ತರವಿಲ್ಲ. ನೊಂದವರ ನೋವನ್ನು ಅದು ಅಳಿಸಲಾರದು; ನ್ಯಾಯ ಕೇಳುವ ಅವರ ಹಕ್ಕು ಪ್ರಶ್ನಾತೀತ. ಆದರೆ ಹೊಣೆಗಾರಿಕೆಯೇ ಬೇರೆ, ಆಜೀವ ಕಳಂಕವೇ ಬೇರೆ. ಸರ್ಕಾರಿ ಕಡತದಿಂದ ದಾಖಲೆಯನ್ನು ಕಾಯ್ದೆ ತೆಗೆಸಬಲ್ಲದೇ ಹೊರತು ನೆರೆಹೊರೆಯ ನಾಲಿಗೆಯಿಂದಲ್ಲ. ಶಾಲೆ ಮತ್ತೆ ಸೇರಿಸಿಕೊಳ್ಳದಿದ್ದರೆ, ಗ್ಯಾರೇಜಿನವನೂ ಕೆಲಸ ಕೊಡದಿದ್ದರೆ, ಆ ಹುಡುಗನನ್ನು ಹೆಸರು ಹಿಡಿದು ಬರಮಾಡಿಕೊಳ್ಳಲು ಉಳಿಯುವುದು ಹಳೆಯ ಗುಂಪೊಂದೇ.